ಹೊಂಡದ ದೊಡ್ಡ ಸಿಗಡಿಯನ್ನೇ ಬೀಜಕ್ಕೆ ಇಟ್ಟರೆ ಆಗದಾ?

ಪ್ರಶ್ನೆ: ಸರ್, ನಮ್ಮದು ಕುಮಟಾ ತಾಲ್ಲೂಕು, ಅಘನಾಶಿನಿ ಹಿನ್ನೀರಿನ ಪಕ್ಕದ ಊರು. ಎರಡು ಎಕರೆ ಹೊಂಡದಲ್ಲಿ ವನಾಮಿ ಸಿಗಡಿ ಸಾಕುತ್ತೇನೆ. ಪ್ರತಿ ಬೆಳೆಗೂ ಮರಿ ಹೊರಗಿನಿಂದ ತರಿಸಬೇಕು. ಈ ಸಲ ಹಿಡಿದಾಗ ಹೆಚ್ಚಿನವು 22-23 ಗ್ರಾಂ ಇದ್ದವು, ಆದರೆ ಕೆಲವು 40 ಗ್ರಾಂ ತೂಗಿದವು. ನಮ್ಮ ಅಜ್ಜ ಹಿನ್ನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವಾಗ ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಇಡುತ್ತಿದ್ದರು. ಹಾಗೆಯೇ ಈ ದೊಡ್ಡ ಸಿಗಡಿ ಇಟ್ಟುಕೊಂಡು ನಾವೇ ಮರಿ ಮಾಡಿಸಿದರೆ ಯಾಕಾಗದು? ತಾಯಿ ಸಿಗಡಿ ಅಮೆರಿಕದಿಂದಲೇ ಬರಬೇಕಾ? ಇನ್ನೊಂದು ಮಾತು. ಎಸ್‌ಪಿಎಫ್, ಅಂದರೆ ರೋಗಾಣು ಇಲ್ಲದ ಮರಿ ಅಂತ ದುಡ್ಡು ಜಾಸ್ತಿ ಕೊಟ್ಟು ತಂದಿದ್ದೆ, ಆದರೂ ಹೋದ ವರ್ಷ ಬಿಳಿಚುಕ್ಕೆ ರೋಗ ಬಂದು ಬೆಳೆ ಹೋಯಿತು. ಹಾಗಿದ್ದರೆ ಎಸ್‌ಪಿಎಫ್ ಅನ್ನುವುದು ಬರೀ ಹೆಸರಾ?

ಉತ್ತರ: ಕಗ್ಗದ ಮಾತು ತೆಗೆದಿದ್ದಕ್ಕೆ ಖುಷಿಯಾಯಿತು. ಉಪ್ಪುನೀರು ನುಗ್ಗಿದರೂ ನಿಲ್ಲುವ ಆ ಭತ್ತ ಸುಮ್ನೆ ಹುಟ್ಟಿದ್ದಲ್ಲ. ನಿಮ್ಮ ಅಜ್ಜನಂಥವರು ತಲೆಮಾರುಗಟ್ಟಲೆ ತೆನೆ ಆರಿಸಿದ್ದರಿಂದ ಉಳಿದದ್ದು. ಹವಾಯಿಯ ವಿಜ್ಞಾನಿಗಳು ಸಿಗಡಿಯಲ್ಲಿ ಮಾಡಿದ್ದೂ ಮೂಲದಲ್ಲಿ ಅದೇ ಕೆಲಸ. ಹಾಗಾಗಿ ನಿಮ್ಮ ಯೋಚನೆ ಪೆದ್ದು ಯೋಚನೆ ಅಂತ ಯಾರಾದರೂ ನಕ್ಕರೆ ತಲೆಕೆಡಿಸಿಕೊಳ್ಳಬೇಡಿ.

ಆದರೆ ಆ 40 ಗ್ರಾಂ ಸಿಗಡಿಗಳನ್ನು ಬೀಜಕ್ಕೆ ಇಡಬೇಡಿ. ಮೊದಲನೆಯದಾಗಿ ಕಾನೂನು ಬಿಡುವುದಿಲ್ಲ. ಹೊಂಡದಲ್ಲಿ ಬೆಳೆದ ವನಾಮಿಯನ್ನು ಹ್ಯಾಚರಿಯಲ್ಲಿ (ಮರಿ ಮಾಡುವ ಕೇಂದ್ರದಲ್ಲಿ) ತಾಯಿಯಾಗಿ ಬಳಸಬಾರದು ಎಂದು ಚೆನ್ನೈನ ಕರಾವಳಿ ಜಲಕೃಷಿ ಪ್ರಾಧಿಕಾರದ ನಿಯಮವೇ ಇದೆ. ಆದರೆ ನೀವು ಕೇಳಿದ್ದು ಕಾನೂನನ್ನಲ್ಲ, ಕಾರಣವನ್ನು. ಕಾರಣ ಇಷ್ಟು: ದೊಡ್ಡದು ಯಾವುದು ಅಂತ ನಿಮಗೆ ಗೊತ್ತು, ಆದರೆ ಅದು ಯಾರ ಮಗಳು, ಯಾರ ತಂಗಿ ಅಂತ ಗೊತ್ತಿಲ್ಲ. ಸಿಗಡಿ ತಳಿ ಕೆಲಸದಲ್ಲಿ ಮುಕ್ಕಾಲು ಪಾಲು ಈ ಎರಡನೆಯ ಪ್ರಶ್ನೆಯೇ.

ಮೊದಲು ಆ 40 ಗ್ರಾಂ ಎಲ್ಲಿಂದ ಬಂತು ನೋಡೋಣ. ಹಿಡಿದಾಗ ಅವುಗಳಲ್ಲಿ ಹೆಣ್ಣೆಷ್ಟು, ಗಂಡೆಷ್ಟು ನೋಡಿದಿರಾ? ವನಾಮಿಯಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ನಿಮ್ಮ ದೊಡ್ಡ ಸಿಗಡಿಗಳಲ್ಲಿ ಹೆಚ್ಚಿನವು ಹೆಣ್ಣೇ ಇದ್ದರೆ ಆಶ್ಚರ್ಯವಿಲ್ಲ. ಮರಿ ಬಿಡುವಾಗಲೇ ಒಂದೆರಡು ದಿನ ಹಿರಿಯ ಮರಿಗಳು ಬೆರೆತಿರಬಹುದು. ಮೊದಲ ವಾರದಲ್ಲಿ ಚೆನ್ನಾಗಿ ತಿಂದದ್ದು ಮುಂದೆಯೂ ಬೇರೆಯವನ್ನು ದಬ್ಬಿ ತಿನ್ನುತ್ತದೆ. ಏರೇಟರ್ ಪಕ್ಕದ ಒಳ್ಳೆ ಜಾಗ ಸಿಕ್ಕಿದ್ದಕ್ಕೆ ಆಮ್ಲಜನಕ ಜಾಸ್ತಿ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ರಕ್ತದಲ್ಲಿ ಬಂದ ಪಾಲು. ವನಾಮಿಯ ತೂಕದ ಮೇಲೆ ನಡೆದ ಬೇರೆ ಬೇರೆ ಅಧ್ಯಯನಗಳಲ್ಲಿ ಈ ಪಾಲು ಹೆಚ್ಚಾಗಿ ಶೇ 20ರಿಂದ 40ರ ನಡುವೆ ಕಾಣುತ್ತದೆ.

ಲೆಕ್ಕ ಹಾಕಿ. ಶೇ 30 ಅಂತ ಇಟ್ಟುಕೊಳ್ಳೋಣ. ನಿಮ್ಮ ಸರಾಸರಿ 23 ಗ್ರಾಂ, ಆರಿಸಿದ್ದು 40 ಗ್ರಾಂ, ವ್ಯತ್ಯಾಸ 17. ಅದರ ಶೇ 30 ಅಂದರೆ 5 ಗ್ರಾಂ. ಮಕ್ಕಳು 40 ಗ್ರಾಂ ಆಗುವುದಿಲ್ಲ, ಅಷ್ಟೇ ದಿನಕ್ಕೆ ಸುಮಾರು 28 ಆಗಬಹುದು. ಅಯ್ಯೋ, ಅದೂ ಒಳ್ಳೆಯದೇ ಅಲ್ವಾ ಅಂತೀರಿ. ಹೌದು, ಕಾಗದದ ಮೇಲೆ. ಹೆಣ್ಣು-ಗಂಡಿನ ವ್ಯತ್ಯಾಸ ಕಳೆದರೆ ಅದು ಅಲ್ಲೇ ಇಳಿಯುತ್ತದೆ. ಇನ್ನುಳಿದದ್ದನ್ನು ಒಳಸಂಬಂಧ ತಿಂದುಹಾಕುತ್ತದೆ.

ಕಗ್ಗಕ್ಕೂ ಸಿಗಡಿಗೂ ದಾರಿ ಬೇರೆಯಾಗುವುದು ಇಲ್ಲೇ. ಭತ್ತದ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಸಾವಿರಾರು ವರ್ಷ ಹಾಗೆಯೇ ನಡೆದು ಅದರಲ್ಲಿ ಕೆಟ್ಟ ಗುಣಗಳು ಬಹುಪಾಲು ಸೋಸಿಹೋಗಿವೆ. ಅಜ್ಜ ಒಂದೇ ತೆನೆಯ ಕಾಳು ಬಿತ್ತಿದರೂ ಭತ್ತ ಭತ್ತವೇ. ಸಿಗಡಿಗೆ ಅಪ್ಪ ಅಮ್ಮ ಇಬ್ಬರು ಬೇಕು. ಸಮುದ್ರದಲ್ಲಿ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಬೆರೆತು ಬಂದ ಜೀವ ಅದು. ಒಳಗೆ ಅಡಗಿ ಕೂತ ದೋಷಗಳ ಗಂಟನ್ನೇ ಹೊತ್ತುಕೊಂಡಿರುತ್ತದೆ. ಅಣ್ಣ ತಂಗಿ ಕೂಡಿದರೆ ಆ ಗಂಟು ಬಿಚ್ಚುತ್ತದೆ.

ನಿಮ್ಮ ಹೊಂಡದಲ್ಲಿ ಅಣ್ಣ ತಂಗಿಯರು ಎಷ್ಟು ಇದ್ದಾರೆ? ಎರಡು ಎಕರೆ ಅಂದರೆ 8,000 ಚದರ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಚದರ ಮೀಟರಿಗೆ 40 ಮರಿಯಂತೆ ಬಿಟ್ಟರೂ ಮೂರು ಲಕ್ಷ ಚಿಲ್ಲರೆ. ಒಂದು ವನಾಮಿ ತಾಯಿ ಒಂದು ರಾತ್ರಿಯಲ್ಲಿ ಒಂದರಿಂದ ಎರಡೂವರೆ ಲಕ್ಷ ಮೊಟ್ಟೆ ಇಡುತ್ತದೆ. ಹ್ಯಾಚರಿಯಲ್ಲಿ ಒಂದೇ ರಾತ್ರಿ ಹಲವು ತಾಯಂದಿರ ನಾಪ್ಲಿಗಳನ್ನು (ಆಗಷ್ಟೇ ಮೊಟ್ಟೆಯೊಡೆದ ಮರಿಗಳನ್ನು) ಬೆರೆಸುತ್ತಾರೆ ನಿಜ, ಆದರೂ ನಿಮ್ಮ ಇಡೀ ಹೊಂಡ ಕೆಲವೇ ತಾಯಂದಿರ ಸಂಸಾರ ಆಗಿರುವ ಸಾಧ್ಯತೆ ಜಾಸ್ತಿ. ಆ ತಾಯಂದಿರೂ ಒಂದೇ ಕಂಪನಿಯ ಒಂದೇ ಪೆಟ್ಟಿಗೆಯಲ್ಲಿ ವಿಮಾನ ಇಳಿದವು. ಅದರ ಮೇಲೆ ನೀವು ದೊಡ್ಡವನ್ನೇ ಆರಿಸಿದರೆ, ಚೆನ್ನಾಗಿ ಬೆಳೆಯುವ ಒಂದೋ ಎರಡೋ ಮನೆಯ ಮಕ್ಕಳೇ ಬಲೆಗೆ ಬೀಳುತ್ತಾರೆ. ಒಡಹುಟ್ಟಿದವು ಕೂಡಿದರೆ ಒಳಸಂಬಂಧದ ಪ್ರಮಾಣ ಒಂದೇ ಏಟಿಗೆ ಶೇ 25. ವನಾಮಿಯಲ್ಲಿ ಇದರ ಪೆಟ್ಟು ತೂಕಕ್ಕಿಂತ ಬೇರೆ ಕಡೆ ಜೋರಾಗಿ ಬೀಳುತ್ತದೆ. ಮೊಟ್ಟೆ ಸರಿಯಾಗಿ ಒಡೆಯುವುದಿಲ್ಲ, ಮರಿ ಉಳಿಯುವುದಿಲ್ಲ, ವೈರಸ್ ಬಂದಾಗ ಮೊದಲು ಮಲಗುವುದು ಇವೇ. ರೈತ ನೋಡಿದರೆ ಕಾಯಿಲೆ ಅಂತಾನೆ, ಒಳಗಿರುವುದು ಸಂಬಂಧದ ಸಮಸ್ಯೆ.

ಇದರ ಲಾಭವನ್ನು ತಳಿ ಕಂಪನಿಗಳು ಬೇಕಂತಲೇ ಪಡೆಯುವುದೂ ಉಂಟು. ಕಳಿಸುವ ಗಂಡುಗಳೆಲ್ಲ ಒಂದು ಬಳಗದವು, ಹೆಣ್ಣುಗಳೆಲ್ಲ ಇನ್ನೊಂದು ಬಳಗದವು. ಅವೆರಡು ಕೂಡಿದರೆ ಮರಿ ಭರ್ಜರಿ. ಆದರೆ ಆ ಮರಿಗಳೆಲ್ಲ ಒಂದಕ್ಕೊಂದು ಒಡಹುಟ್ಟಿದವರ ಹಾಗೆ. ಅವನ್ನು ಬೆಳೆಸಿ ಮತ್ತೆ ತಾಯಿ ಮಾಡಲು ಹೋದವನ ಕೈಗೆ ಬರುವುದು ಒಳಸಂಬಂಧದ ಮಕ್ಕಳು. ಬೀಗ ಹಾಕಿದ ಪೆಟ್ಟಿಗೆ ಮಾರಿದಂತೆ. ಇದು ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ. ವರ್ಷಗಟ್ಟಲೆ ದುಡ್ಡು ಸುರಿದವನು ತನ್ನ ಮಾಲು ಕಾಯುತ್ತಾನೆ ಅಂತ ನಾನು ಒಪ್ಪುತ್ತೇನೆ. ಆದರೆ ನಕಲು ತಾಯಿಯಿಂದ ಅಗ್ಗದ ಮರಿ ತಂದ ಬಡ ರೈತನ ತಲೆ ಮೇಲೆ ಅದು ಬೀಳುವುದು ನೋಡಿದಾಗ ಬೇಜಾರಾಗುತ್ತದೆ.

ಸರಿ, ತಜ್ಞರು ಇದನ್ನು ಹೇಗೆ ಮಾಡುತ್ತಾರೆ? ಹಳ್ಳಿಯಲ್ಲಿ ಹೆಣ್ಣು ನೋಡಲು ಹೋದಾಗ ಹಿರಿಯರು ಹುಡುಗಿಯನ್ನಷ್ಟೇ ನೋಡುವುದಿಲ್ಲ. ಮನೆತನ ವಿಚಾರಿಸುತ್ತಾರೆ, ಅಣ್ಣ ಏನು ಮಾಡುತ್ತಾನೆ, ಅಕ್ಕ ಹೇಗಿದ್ದಾಳೆ ಅಂತ ಕೇಳುತ್ತಾರೆ. ಸಿಗಡಿಯಲ್ಲೂ ಅದೇ. ಮೂಲ ತಳಿ ಕೇಂದ್ರದಲ್ಲಿ ಪ್ರತಿ ತಲೆಮಾರಿಗೆ ನೂರೋ ಇನ್ನೂರೋ ಮನೆತನಗಳನ್ನು ಬೇರೆ ಬೇರೆಯಾಗಿ ಹುಟ್ಟಿಸುತ್ತಾರೆ. ಸಾಮಾನ್ಯವಾಗಿ ಒಂದು ಗಂಡಿನ ವೀರ್ಯದ ಕಟ್ಟನ್ನು ತೆಗೆದು ಎರಡು ಹೆಣ್ಣುಗಳಿಗೆ ಕೈಯಿಂದ ಅಂಟಿಸುತ್ತಾರೆ. ಹಾಗಾಗಿ ಪೂರ್ತಿ ಒಡಹುಟ್ಟಿದವರೂ ಸಿಗುತ್ತಾರೆ, ಅಪ್ಪ ಒಬ್ಬ ಅಮ್ಮ ಇಬ್ಬರು ಎನ್ನುವ ಬಳಗವೂ ಸಿಗುತ್ತದೆ. ಅಪ್ಪನಿಂದ ಬಂದದ್ದೆಷ್ಟು, ತೊಟ್ಟಿಯ ನೀರಿನಿಂದ ಬಂದದ್ದೆಷ್ಟು ಎಂದು ಬೇರ್ಪಡಿಸಲು ಇದು ಬೇಕು.

ವನಾಮಿಯಲ್ಲಿ ಈ ಕೈಕೆಲಸ ಸುಲಭ. ಹೆಣ್ಣಿನ ವೀರ್ಯಚೀಲ ತೆರೆದ ಬಗೆಯದು, ವೀರ್ಯದ ಕಟ್ಟು ಹೊರಗೇ ಅಂಟಿಕೊಳ್ಳುತ್ತದೆ. ನಮ್ಮ ಸಮುದ್ರದ ಹುಲಿ ಸಿಗಡಿಯಲ್ಲಿ ಅದು ಮುಚ್ಚಿದ ಬಗೆ. ಹೆಣ್ಣು ಚಿಪ್ಪು ಕಳಚಿ ಮೈ ಮೆತ್ತಗಿರುವ ಹೊತ್ತಿನಲ್ಲೇ ಗಂಡು ಕೂಡಬೇಕು. ಹುಲಿ ಪಳಗಲು ತಡವಾದದ್ದಕ್ಕೆ ಇದೂ ಒಂದು ಕಾರಣ.

ಮನೆತನ ಹುಟ್ಟಿಸಿದ ಮೇಲೆ ಗುರುತಿಡುವುದು ಹೇಗೆ ಅನ್ನುವುದೇ ದೊಡ್ಡ ತಲೆನೋವು. ದನಕ್ಕಾದರೆ ಕಿವಿಗೆ ಓಲೆ ಹಾಕುತ್ತೀರಿ. ಸಿಗಡಿ ಚಿಪ್ಪು ಕಳಚುತ್ತದೆ! ಹೊರಗೆ ಏನೇ ಅಂಟಿಸಿದರೂ ಮುಂದಿನ ಸಲ ಚಿಪ್ಪಿನ ಜೊತೆ ಹೋಯಿತು. ಅದಕ್ಕೆ ಒಂದೊಂದು ಮನೆತನವನ್ನು ಪ್ರತ್ಯೇಕ ತೊಟ್ಟಿಯಲ್ಲಿ ಒಂದೆರಡು ಗ್ರಾಂ ಆಗುವವರೆಗೆ ಸಾಕಿ, ಆಮೇಲೆ ಬಾಲದ ಕಡೆಯ ಮಾಂಸಕ್ಕೆ ಬಣ್ಣದ ರಬ್ಬರಿನಂಥ ದ್ರವವನ್ನು ಸೂಜಿಯಿಂದ ಚುಚ್ಚುತ್ತಾರೆ. ಅದು ಒಳಗೇ ಗಟ್ಟಿಯಾಗಿ ಎಳೆಯಂತೆ ಕೂರುತ್ತದೆ. ಪಾರದರ್ಶಕ ಮೈ ಮೂಲಕ ಹೊರಗೆ ಕಾಣುತ್ತದೆ, ವಿಶೇಷ ದೀಪ ಹಿಡಿದರೆ ಹೊಳೆಯುತ್ತದೆ. ಎಡಕ್ಕೆ ಕೆಂಪು, ಬಲಕ್ಕೆ ಹಳದಿ ಅಂದರೆ ಇಂಥ ಮನೆ ಅಂತ ಪಟ್ಟಿ ಇರುತ್ತದೆ. ದೊಡ್ಡ ತಾಯಂದಿರಿಗೆ ಕಣ್ಣಿನ ಕಡ್ಡಿಗೆ ನಂಬರಿನ ಉಂಗುರ. ಈಗೀಗ ಡಿಎನ್‌ಎ ನೋಡಿ ಅಪ್ಪ ಅಮ್ಮ ಯಾರೆಂದು ಹೇಳುವ ಪದ್ಧತಿಯೂ ಬಂದಿದೆ. ವನಾಮಿಯ ಪೂರ್ತಿ ಜೀನೋಮ್ 2019ರಲ್ಲಿ ಪ್ರಕಟವಾಯಿತು. ಆದರೆ ಸೂಜಿ ಹಿಡಿದು ಸಾವಿರಾರು ಮರಿಗಳಿಗೆ ಬಣ್ಣ ಚುಚ್ಚುವ ಹುಡುಗಿಯರ ತಾಳ್ಮೆ ಇಲ್ಲದೆ ಈ ಕೆಲಸ ಇಲ್ಲಿಯವರೆಗೆ ಬರುತ್ತಿರಲಿಲ್ಲ.

ಗುರುತಾದ ಮೇಲೆ ಒಂದು ಮನೆಯ ಮಕ್ಕಳನ್ನು ಮೂರು ಪಾಲು ಮಾಡುತ್ತಾರೆ. ಒಂದು ಪಾಲು ಬೇರೆ ಮನೆಯವುಗಳ ಜೊತೆ ಒಂದೇ ಹೊಂಡಕ್ಕೆ ಹೋಗುತ್ತದೆ. ಯಾರು ಎಷ್ಟು ಬೆಳೆದರು, ಎಷ್ಟು ಉಳಿದರು ನೋಡಲು. ಇನ್ನೊಂದು ಪಾಲು ರೋಗದ ಕೋಣೆಗೆ. ಅಲ್ಲಿ ವೈರಸ್ ತಗುಲಿದ ಮಾಂಸ ತಿನ್ನಿಸಿ ಯಾವ ಮನೆಯವು ಎಷ್ಟು ಬದುಕಿದವು ಎಂದು ಎಣಿಸುತ್ತಾರೆ. ಮೂರನೆಯ ಪಾಲು ಹೊರಗಿನ ಗಾಳಿ ನೀರು ತಾಗದಂತೆ ಮೂಲ ಕೇಂದ್ರದಲ್ಲೇ ಇರುತ್ತದೆ. ಮುಂದಿನ ತಲೆಮಾರಿಗೆ ತಾಯಿ ತಂದೆ ಆಗುವವು ಇವೇ. ರೋಗ ಗೆದ್ದು ಬಂದ ವೀರರು ಮತ್ತೆ ಮನೆಯೊಳಗೆ ಕಾಲಿಡುವಂತಿಲ್ಲ, ಮೈಯಲ್ಲಿ ವೈರಸ್ ಇರಬಹುದು. ಹಾಗಾಗಿ ಅವರ ಸಾಧನೆ ನೋಡಿ ಮನೆಯಲ್ಲಿ ಕೂತ ತಮ್ಮನಿಗೆ ಅಂಕ ಕೊಡುವುದು. ನಿಮ್ಮ ಹೊಂಡದ 40 ಗ್ರಾಂ ಸಿಗಡಿ ಇಲ್ಲಿ ಎರಡನೆಯ ಸಲ ಸೋಲುತ್ತದೆ. ಅದು ಹೊರಗೆ ಓಡಾಡಿ ಬಂದ ಜೀವ.

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಅನ್ನುತ್ತೇವೆ. ಸಿಗಡಿಯ ವಿಷಯದಲ್ಲಿ ಅದು ಮೂರರಲ್ಲಿ ಒಂದು ಪಾಲಿನಷ್ಟೇ ನಿಜ ಅಂತ ಮೇಲಿನ ಲೆಕ್ಕದಲ್ಲೇ ನೋಡಿದಿರಿ. ಒಂದು ಸಿಗಡಿ ನೋಡಿ ಹೇಳುವುದಕ್ಕಿಂತ ಅದರ ನೂರು ಒಡಹುಟ್ಟುಗಳನ್ನು ನೋಡಿ ಹೇಳಿದರೆ ಆ ಊಹೆ ಗಟ್ಟಿಯಾಗುತ್ತದೆ.

ಈಗ ‘ಅಮೆರಿಕದಿಂದಲೇ ಯಾಕೆ’ ಎನ್ನುವುದಕ್ಕೆ ಬರುತ್ತೇನೆ. ಸಿಗಡಿಯನ್ನು ಮನುಷ್ಯ ಮೊದಲ ಬಾರಿಗೆ ಮೊಟ್ಟೆಯಿಂದ ಬೆಳೆಸಿದ್ದು ಜಪಾನಿನಲ್ಲಿ. ಮೊಟೊಸಾಕು ಫುಜಿನಾಗಾ ಅನ್ನುವವರು 1930ರ ದಶಕದಲ್ಲಿ ಕುರುಮಾ ಸಿಗಡಿಯಿಂದ ಮೊಟ್ಟೆ ಇಡಿಸಿ ಮರಿ ಬೆಳೆಸಿದರು. ಅಲ್ಲಿಂದ ಎಷ್ಟೋ ಕಾಲ ಎಲ್ಲರೂ ಸಮುದ್ರದ ತಾಯಿಯನ್ನೇ ನಂಬಿದ್ದರು. ನಾವೂ ಅಷ್ಟೇ. 1990ರ ದಶಕದಲ್ಲಿ ನಾನು ಆಂಧ್ರದ ತೀರದ ಒಂದು ಹ್ಯಾಚರಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಟ್ರಾಲರ್ ಬರುವ ಹೊತ್ತಿಗೆ ದಡದಲ್ಲಿ ಏಜೆಂಟರು ಟಾರ್ಚ್ ಹಿಡಿದು ಕಾಯುತ್ತಿದ್ದರು. ಹುಲಿ ಸಿಗಡಿಯ ಬೆನ್ನಿನ ಮೇಲೆ ಬೆಳಕು ಬಿಟ್ಟರೆ ಅಂಡಾಶಯ ಕಡುಹಸಿರು ಗೆರೆಯಾಗಿ ಕಾಣುತ್ತದೆ. ಗೆರೆ ದಪ್ಪಗಿದ್ದರೆ ಬೆಲೆ ಸಾವಿರಗಳಲ್ಲಿ. ಒಂದೇ ಒಂದು ಸಿಗಡಿಗೆ! ಆಮ್ಲಜನಕ ತುಂಬಿದ ಚೀಲದಲ್ಲಿ ಮಗುವಿನಂತೆ ಎತ್ತಿಕೊಂಡು ಬರುತ್ತಿದ್ದೆವು. ಅದರ ಅಪ್ಪ ಯಾರು, ಅಮ್ಮ ಯಾರು, ಯಾರಿಗೂ ಬೇಕಿರಲಿಲ್ಲ.

1994-95ರಲ್ಲಿ ಬಿಳಿಚುಕ್ಕೆ ನಮ್ಮ ತೀರಕ್ಕೆ ಬಂತು. ಆ ವೈರಸ್ ಸಮುದ್ರದ ತಾಯಿಯೊಳಗೆ ಸದ್ದಿಲ್ಲದೆ ಕೂತು ಮರಿಗೆ ಇಳಿಯುತ್ತಿತ್ತು. ತಾಯಿ ನೋಡಲು ಗಟ್ಟಿಮುಟ್ಟು. ಮೊಟ್ಟೆ ಇಡಿಸುವ ಒತ್ತಡದಲ್ಲಿ ವೈರಸ್ ಏಳುತ್ತಿತ್ತು. ಹೊಂಡಕ್ಕೆ ಹೋದ ಮರಿ ಎರಡು ತಿಂಗಳೊಳಗೆ ರಾಶಿ ರಾಶಿಯಾಗಿ ಸಾಯುತ್ತಿತ್ತು. ನಮ್ಮ ಪಶ್ಚಿಮ ತೀರದಲ್ಲಿ ಈ ರೋಗವನ್ನು ಮೊದಮೊದಲು ಅಧ್ಯಯನ ಮಾಡಿದವರಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಡ್ಯ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ತಂಡವೂ ಇತ್ತು. ನಮ್ಮ ಗಜನಿಗಳ ಎಷ್ಟೋ ಹುಲಿ ಸಿಗಡಿ ಹೊಂಡಗಳು ಆ ವರ್ಷಗಳಲ್ಲಿ ಖಾಲಿ ಬಿದ್ದದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಬೇರೆ ಕೆಲಸ ನಡೆದಿತ್ತು. 1984ರಲ್ಲಿ ಶುರುವಾದ ಅಲ್ಲಿನ ಸಿಗಡಿ ಸಾಕಣೆ ಕಾರ್ಯಕ್ರಮದಲ್ಲಿ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ ಮುಖ್ಯ ಪಾತ್ರ ವಹಿಸಿತು. ಮೆಕ್ಸಿಕೊದಿಂದ ಪೆರುವಿನವರೆಗಿನ ಶಾಂತಸಾಗರದ ತೀರದಲ್ಲಿ ಹುಟ್ಟಿದ ವನಾಮಿಯನ್ನು ತಂದು, ಒಂದೊಂದನ್ನೂ ರೋಗ ಪರೀಕ್ಷೆ ಮಾಡಿ, ಸ್ವಚ್ಛವಾದವನ್ನಷ್ಟೇ ಇಟ್ಟು ತಲೆಮಾರು ತಲೆಮಾರು ಬೆಳೆಸಿದರು. ಸುಮಾರು 1990ರ ಹೊತ್ತಿಗೆ ಎಸ್‌ಪಿಎಫ್ ವನಾಮಿ ತಯಾರಿತ್ತು. ವನಾಮಿ ತೊಟ್ಟಿಯಲ್ಲೇ ಬಲಿಯುತ್ತದೆ, ವರ್ಷದೊಳಗೆ ತಲೆಮಾರು ಮುಗಿಯುತ್ತದೆ, ಒತ್ತಾಗಿ ಇಟ್ಟರೂ ಸಹಿಸುತ್ತದೆ. ಭಾರತಕ್ಕೆ 2003ರಲ್ಲಿ ಪ್ರಯೋಗಕ್ಕೆ ಬಂತು, 2009ರಲ್ಲಿ ಎಲ್ಲರಿಗೂ ಅನುಮತಿ ಸಿಕ್ಕಿತು. ಅಂದಿನಿಂದ ಹೊರದೇಶದ ತಾಯಿ ಸಿಗಡಿ ಚೆನ್ನೈನ ನೀಲಾಂಕರೈಯಲ್ಲಿರುವ ಕ್ವಾರಂಟೈನ್ ಕೇಂದ್ರಕ್ಕೆ ಬಂದು, ಪರೀಕ್ಷೆ ದಾಟಿ ಹ್ಯಾಚರಿಗೆ ಹೋಗುತ್ತದೆ. ಅಮೆರಿಕದಿಂದಲೇ ಬರಬೇಕೆಂದೇನಿಲ್ಲ. ಅನುಮತಿ ಇರುವ ಬೇರೆ ಕಡೆಯ ಕಂಪನಿಗಳಿಂದಲೂ ಬರುತ್ತದೆ. ವಿಶಾಖಪಟ್ಟಣದ ಹತ್ತಿರದ ಬಂಗಾರಮ್ಮಪೇಟೆಯಲ್ಲಿ ರಾಜೀವ್ ಗಾಂಧಿ ಜಲಕೃಷಿ ಕೇಂದ್ರದವರು ಹೊರಗಿನ ಎಸ್‌ಪಿಎಫ್ ಮರಿ ತಂದು ಇಲ್ಲೇ ತಾಯಿ ಮಾಡುವ ಕೇಂದ್ರ ಕಟ್ಟಿದ್ದಾರೆ. ಆದರೆ ಆ ನೂರಾರು ಮನೆತನಗಳ ಪಟ್ಟಿ, ಮೂವತ್ತು ಚಿಲ್ಲರೆ ವರ್ಷದ ಲೆಕ್ಕದ ಪುಸ್ತಕ ಮಾತ್ರ ಹೊರಗಿದೆ. ನಾವು ಕೊಳ್ಳುತ್ತಿರುವುದು ಸಿಗಡಿಯನ್ನಲ್ಲ, ಆ ಪುಸ್ತಕದ ಫಲವನ್ನು.

ಈಗ ನಿಮ್ಮ ಸಿಟ್ಟಿನ ಪ್ರಶ್ನೆ. ಎಸ್‌ಪಿಎಫ್ ಬರೀ ಹೆಸರಲ್ಲ, ಆದರೆ ನಿಮಗೆ ಮಾರಿದವರು ಅದರ ಅರ್ಥ ಸರಿಯಾಗಿ ಹೇಳಿಲ್ಲ. ಎಸ್‌ಪಿಎಫ್ ಅಂದರೆ ಪಟ್ಟಿಯಲ್ಲಿರುವ ಇಂತಿಂಥ ರೋಗಾಣು ಇದರಲ್ಲಿ ಇಲ್ಲ ಅಂತ. ಇದಕ್ಕೆ ಆ ರೋಗ ಬರುವುದಿಲ್ಲ ಅಂತಲ್ಲ. ಅದು ಹೆಚ್ಚುಕಡಿಮೆ ಮಡಿ ಇದ್ದ ಹಾಗೆ. ಹುಟ್ಟಿನಿಂದ ಬಂದ ಗುಣವಲ್ಲ, ಇರುವಷ್ಟು ಹೊತ್ತಿನ ಸ್ಥಿತಿ. ಮುಟ್ಟಿದರೆ ಹೋಯಿತು. ನಿಮ್ಮ ಹೊಂಡದ ನೀರಿಗೆ ಬಿದ್ದ ಕ್ಷಣದಿಂದ ಆ ಮರಿ ಎಸ್‌ಪಿಎಫ್ ಅಲ್ಲ. ಅಘನಾಶಿನಿಯ ಏಡಿ, ಕಾಡು ಸಿಗಡಿ, ಸೋಸದೆ ಬಿಟ್ಟ ನೀರು, ಪಕ್ಕದ ಹೊಂಡದಿಂದ ಸತ್ತ ಸಿಗಡಿ ಕಚ್ಚಿ ತಂದ ಕಾಗೆ, ಯಾವುದು ಬೇಕಾದರೂ ಬಿಳಿಚುಕ್ಕೆ ತರುತ್ತದೆ. ರೋಗ ತಡೆದುಕೊಳ್ಳುವ ತಳಿಗೆ ಬೇರೆ ಹೆಸರಿದೆ, ಎಸ್‌ಪಿಆರ್ ಅಂತ. ಒಂದು ಮರಿ ಎಸ್‌ಪಿಎಫ್ ಆಗಿದ್ದು ಎಸ್‌ಪಿಆರ್ ಆಗಿಲ್ಲದೆ ಇರಬಹುದು. ತಿರುಗಾಮುರುಗಾ ಕೂಡ.

ಹಾಗಾದರೆ ಬಿಳಿಚುಕ್ಕೆ ತಡೆಯುವ ತಳಿಯನ್ನೇ ಯಾಕೆ ಮಾಡಬಾರದು? ಪ್ರಯತ್ನ ಪಟ್ಟಿದ್ದಾರೆ. ಟೌರಾ ಅನ್ನುವ ಇನ್ನೊಂದು ವೈರಸ್ 1992ರಲ್ಲಿ ಈಕ್ವೆಡಾರ್‌ನ ಟೌರಾ ನದಿಯ ಕಡೆ ಕಾಣಿಸಿಕೊಂಡಿತ್ತು. ಅದರ ವಿರುದ್ಧ ಆರಿಸುವುದು ಸಾಧ್ಯವಾಯಿತು. ಓಷಿಯಾನಿಕ್ ಇನ್‌ಸ್ಟಿಟ್ಯೂಟ್‌ನವರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ತಲೆಮಾರಿನ ಆಯ್ಕೆಗೆ ಟೌರಾ ಎದುರು ಬದುಕುಳಿಯುವುದು ಶೇ 18ರಷ್ಟು ಹೆಚ್ಚಿತು. ಬರೀ ಬೆಳವಣಿಗೆಗೆ ಆರಿಸಿದ ತಳಿ ಸಾಲಿನಲ್ಲಿ ತೂಕ ಶೇ 21 ಹೆಚ್ಚಿತು. ಆದರೆ ಅದೇ ಪ್ರಯೋಗ ಇನ್ನೊಂದು ಗುಟ್ಟು ಬಿಟ್ಟುಕೊಟ್ಟಿತು. ಬೇಗ ಬೆಳೆಯುವ ಮನೆತನಗಳು ರೋಗಕ್ಕೆ ಬೇಗ ಬಲಿಯಾಗುವ ಕಡೆ ವಾಲುತ್ತಿದ್ದವು. ಬೆಳವಣಿಗೆ ಹಿಡಿದರೆ ಗಟ್ಟಿತನ ಜಾರುತ್ತದೆ, ಗಟ್ಟಿತನ ಹಿಡಿದರೆ ಬೆಳವಣಿಗೆ. ಬಿಳಿಚುಕ್ಕೆಯ ವಿಷಯದಲ್ಲಿ ಇನ್ನೂ ಕಷ್ಟ. ಕೊಲಂಬಿಯಾದಲ್ಲಿ ನಡೆದ ಕೆಲಸ ತೋರಿಸಿದ್ದು, ಬಿಳಿಚುಕ್ಕೆ ಎದುರು ಉಳಿಯುವ ಗುಣದಲ್ಲಿ ರಕ್ತದ ಪಾಲು ತೀರಾ ಕಡಿಮೆ ಅಂತ. ಪಾಲು ಕಡಿಮೆ ಇದ್ದರೆ ಆಯ್ಕೆ ಆಮೆ ನಡಿಗೆ. ಈಕ್ವೆಡಾರ್‌ನವರು 1999ರಲ್ಲಿ ಬಿಳಿಚುಕ್ಕೆ ಹೊಡೆದ ಮೇಲೆ ಬೇರೆ ದಾರಿ ಹಿಡಿದರು. ಹೊಂಡದಲ್ಲಿ ಬದುಕುಳಿದವನ್ನೇ ತಾಯಿ ಮಾಡುತ್ತಾ ಹೋದರು, ಮರಿಯನ್ನು ತೀರಾ ತೆಳುವಾಗಿ ಬಿಟ್ಟರು.

ಇದು ನೀವು ಕೇಳಿದ್ದೇ ಅಲ್ವಾ, ಅವರಿಗೆ ಆದದ್ದು ನಮಗೆ ಯಾಕಾಗದು ಅಂತೀರಿ. ಅವರದು ಹತ್ತಿಪ್ಪತ್ತಲ್ಲ, ನೂರಾರು ಹೆಕ್ಟೇರಿನ ಫಾರಂಗಳು. ಲಕ್ಷಾಂತರ ಸಿಗಡಿಗಳ ನಡುವಿಂದ ಆರಿಸುವಾಗ ಅಣ್ಣ ತಂಗಿ ಸಿಕ್ಕಿಬೀಳುವ ಭಯ ಕಡಿಮೆ. ಅಲ್ಲದೆ ವನಾಮಿ ಅವರದೇ ಸಮುದ್ರದ ಜೀವ. ನಿಮ್ಮ ಎರಡು ಎಕರೆಗೆ ಆ ದಾರಿ ನಡೆಯುವುದಿಲ್ಲ.

ಪಳಗಿಸುವುದರಿಂದ ಏನೆಲ್ಲ ಆಗುತ್ತದೆ, ಏನು ಆಗುವುದಿಲ್ಲ ಎರಡಕ್ಕೂ ಆಸ್ಟ್ರೇಲಿಯಾದ ಕಥೆ ಒಳ್ಳೆ ಸಾಕ್ಷಿ. ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ವಿಜ್ಞಾನಿಗಳು ಸಾಕಣೆದಾರರ ಜೊತೆ ಸೇರಿ ಹುಲಿ ಸಿಗಡಿಯನ್ನೇ ತಲೆಮಾರುಗಟ್ಟಲೆ ಪಳಗಿಸಿದರು. 2010ರ ಹೊತ್ತಿಗೆ ಹೆಕ್ಟೇರಿಗೆ ಸರಾಸರಿ 17.5 ಟನ್ ಇಳುವರಿ ಬಂತು, ಒಂದು ಹೊಂಡದಲ್ಲಿ 24.2 ಟನ್. ಅಲ್ಲಿನ ಬೇರೆ ಫಾರಂಗಳ ಸರಾಸರಿಯ ಎರಡರಷ್ಟಕ್ಕಿಂತ ಜಾಸ್ತಿ. ಹುಲಿಯನ್ನು ಪಳಗಿಸಲಾಗದು ಎನ್ನುತ್ತಿದ್ದವರ ಬಾಯಿ ಮುಚ್ಚಿತು. ಆಮೇಲೆ 2016ರ ಕೊನೆಯಲ್ಲಿ ಕ್ವೀನ್ಸ್‌ಲ್ಯಾಂಡಿನ ಲೋಗನ್ ನದಿಯ ಫಾರಂಗಳಿಗೆ ಬಿಳಿಚುಕ್ಕೆ ಬಂತು. ಹೊಂಡಗಳಲ್ಲಿದ್ದ ಸಿಗಡಿಯನ್ನೆಲ್ಲ ನಾಶ ಮಾಡಬೇಕಾಯಿತು. ವೈರಸ್ ವಂಶಾವಳಿ ಕೇಳುವುದಿಲ್ಲ.

ನಮ್ಮಲ್ಲೂ ಕೆಲಸ ನಡೆಯುತ್ತಿದೆ. ಅಂಡಮಾನಿನಲ್ಲಿ ರಾಜೀವ್ ಗಾಂಧಿ ಕೇಂದ್ರದವರು ಹುಲಿ ಸಿಗಡಿ ಪಳಗಿಸಲು ಕೈಹಾಕಿದರು. ಚೆನ್ನೈನ ಸಿಬಾ ಎಂಬ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆಯವರು ನಮ್ಮದೇ ಬಿಳಿ ಸಿಗಡಿಯ ತಳಿ ಸುಧಾರಣೆಯ ಕಾರ್ಯಕ್ರಮ ಹಿಡಿದಿದ್ದಾರೆ. ಸಿಹಿನೀರಿನ ದೊಡ್ಡ ಸಿಗಡಿ ಸ್ಕ್ಯಾಂಪಿಯಲ್ಲಿ ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ ಸೀಫಾ ಈಗಾಗಲೇ ಫಲ ಕಂಡಿದೆ. ಗುಜರಾತ್, ಕೇರಳ, ಒಡಿಶಾಗಳ ಸ್ಕ್ಯಾಂಪಿಗಳನ್ನು ಬೆರೆಸಿ, ಮನೆತನ ಲೆಕ್ಕ ಇಟ್ಟು ಆರಿಸಿದ ತಳಿಯನ್ನು ಸೀಫಾ-ಜಿಐ ಸ್ಕ್ಯಾಂಪಿ ಹೆಸರಲ್ಲಿ ಬಿಟ್ಟಿದ್ದಾರೆ. ನನಗೆ ಕೇಳಿದರೆ, ಬಿಳಿ ಸಿಗಡಿಯ ಕೆಲಸವೇ ನಮ್ಮ ಗಜನಿಗಳಿಗೆ ಹೆಚ್ಚು ಮುಖ್ಯ. ಅದು ನಿಮ್ಮ ಹೊಳೆಯದೇ ಜೀವ. ಆದರೆ ವನಾಮಿ ಮೂವತ್ತು ವರ್ಷ ಮುಂದೆ ಓಡಿದೆ. ಹಿಡಿಯಲು ಸಮಯ ಬೇಕು.

ನೀವು ಈಗ ಮಾಡಬಹುದಾದದ್ದು ಇದು. ಮರಿ ಕೊಳ್ಳುವಾಗ ‘ಎಸ್‌ಪಿಎಫ್ ಇದೆಯಾ’ ಅಂತಷ್ಟೇ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ತಾಯಿ ಯಾವ ಕಂಪನಿಯದು, ಯಾವ ತಿಂಗಳು ಬಂದದ್ದು, ಕ್ವಾರಂಟೈನ್ ಕಾಗದ ಎಲ್ಲಿ ಎಂದು ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಆಮೇಲೆ ಅದು ಬೇಗ ಬೆಳೆಯುವ ಸಾಲಾ, ಗಟ್ಟಿ ಸಾಲಾ ಎಂದು ಕೇಳಿ. ಬೇಗ ಬೆಳೆಯುವ ಸಾಲುಗಳನ್ನು ಹೆಚ್ಚಾಗಿ ಸ್ವಚ್ಛ ನೀರು, ಒಳ್ಳೆ ಫೀಡ್ ಇರುವಲ್ಲಿ ಪರೀಕ್ಷಿಸಿ ಆರಿಸಿರುತ್ತಾರೆ. ಒಂದು ಜಾಗದಲ್ಲಿ ಮೊದಲು ಬಂದ ಮನೆತನ ಇನ್ನೊಂದು ಜಾಗದಲ್ಲೂ ಮೊದಲೇ ಬರಬೇಕೆಂದಿಲ್ಲ. ಮಣ್ಣಿನ ಹೊಂಡ, ಏರುಪೇರಾಗುವ ನೀರು, ಪಕ್ಕದಲ್ಲಿ ರೋಗ ಇರುವಲ್ಲಿ ಗಟ್ಟಿ ಸಾಲಿನ ಮರಿಯೇ ಲೇಸು. ಒಂದೆರಡು ವಾರ ತಡವಾಗಿ ಬೇಕಾದ ಕೌಂಟ್, ಅಂದರೆ ಗಾತ್ರ, ಸಿಕ್ಕರೂ ಪರವಾಗಿಲ್ಲ. ಬಿಡುವ ಮೊದಲು ಮರಿಯನ್ನು ಬಿಳಿಚುಕ್ಕೆಗೂ, ಬೆಳವಣಿಗೆ ಕುಂಠಿಸುವ ಇಎಚ್‌ಪಿ ಎಂಬ ರೋಗಾಣುವಿಗೂ ಪಿಸಿಆರ್ ಪರೀಕ್ಷೆ ಮಾಡಿಸಿ. ನಿಯಮದಲ್ಲಿ ಚದರ ಮೀಟರಿಗೆ 60ರವರೆಗೆ ಬಿಡಬಹುದು ಅಂತಿದೆ, ಅಷ್ಟು ಬಿಡಲೇಬೇಕು ಅಂತಲ್ಲ. ನಿಮ್ಮ ಜಾಗಕ್ಕೆ ಅದರ ಅರ್ಧವೂ ಜಾಸ್ತಿಯೇ ಆದೀತು. ಏಡಿ ಬರದಂತೆ ಸುತ್ತ ಬೇಲಿ, ನೀರಿಗೆ ಸಣ್ಣ ಕಣ್ಣಿನ ಬಲೆ, ಮೇಲೆ ಹಕ್ಕಿಗೆ ದಾರ. ಇವಕ್ಕೆ ಹಾಕುವ ದುಡ್ಡು ದುಬಾರಿ ಮರಿಗೆ ಹಾಕುವ ದುಡ್ಡಿಗಿಂತ ಹೆಚ್ಚು ಉಳಿಸುತ್ತದೆ.

ಇನ್ನು ಆ ದೊಡ್ಡ ಸಿಗಡಿಗಳು. ಮಾರಿಬಿಡಿ, ಅಥವಾ ಮನೆಗೆ ತಂದು ಸುಕ್ಕ ಮಾಡಿ. ಆದರೆ ಮುಂದಿನ ಸಲ ಹಿಡಿಯುವಾಗ ನೂರು ಸಿಗಡಿಯನ್ನು ಹೆಣ್ಣು-ಗಂಡು ಬೇರೆ ಮಾಡಿ ತೂಗಿ ಬರೆದಿಡಿ. ಜೊತೆಗೆ ಜೂನ್‌ನಿಂದ ಪ್ರತಿ ವಾರ ಹೊಂಡದ ನೀರಿನ ಉಪ್ಪಿನ ಅಂಶವನ್ನೂ ಬರೆಯಿರಿ. ಮಳೆಗಾಲದಲ್ಲಿ ನಿಮ್ಮ ಕಡೆ ಅದು ಎಷ್ಟಕ್ಕೆ ಇಳಿಯುತ್ತದೆ ಅನ್ನುವುದರ ಮೇಲೆ ಯಾವ ಸಾಲು, ಯಾವ ತಿಂಗಳು ಅಂತ ಹೇಳಲು ಬರುತ್ತದೆ. ಆ ಎರಡು ಪಟ್ಟಿ ಕಳಿಸಿ, ಮುಂದಿನ ಬೆಳೆಯ ಮಾತು ಅಲ್ಲಿಂದ ಶುರು ಮಾಡೋಣ.